ಸುನಂದಳ ಮನೆ ನೀರು

"ಅರ್ಧ ಲೋಟ ಕಾಫಿನಾದ್ರೂ ಕುಡಿ ಅಕ್ಕಯ್ಯ," ಎಂದು ರಜನಿ ಬಸ್ಸಿನ ಕಿಟಕಿಗೆ ಲೋಟ ಚಾಚಿದಳು.

"ವದ್ದು ಕಣೇ, ಬೇಡ. ಹೊಟ್ಟೆ ತುಂಬೈತೆ," ಎಂದರು ಅನಸೂಯಮ್ಮ. ಅಪ್ಪಟ ಸುಳ್ಳು. ನಿನ್ನೆ ಸಂಜೆಯಿಂದ ಅವರ ಗಂಟಲಿಗೆ ತೊಟ್ಟು ನೀರು ಇಳಿದಿರಲಿಲ್ಲ. ಚನ್ನರಾಯಪಟ್ಟಣದ ಏಪ್ರಿಲ್ ಬಿಸಿಲಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು.

ಕೋಲಾರದ ವಕ್ಕಲೇರಿ ಕಡೆಯ ಅವರ ಮಹಿಳಾ ಹಾಲಿನ ಸಂಘ, ಹಾಸನದ ಕಡೆಯ ಇನ್ನೊಂದು ಸಂಘದ ಜೊತೆ ಬೀಗರ ಹಾಗೆ ಹೋಗಿಬರುವ ರೂಢಿ ಇಟ್ಟುಕೊಂಡಿತ್ತು. ಒಂದು ವರ್ಷ ಅವರು ಇಲ್ಲಿಗೆ, ಮರುವರ್ಷ ಇವರು ಅಲ್ಲಿಗೆ. ಈ ಸಲ ಕಾರ್ಯದರ್ಶಿ ರಜನಿ ಅರವತ್ತು ದಾಟಿದವರ ಹೆಸರಿಗೆಲ್ಲ ಗೀಟು ಎಳೆದಿದ್ದಳು. ಹಿಂದಿನ ಪ್ರವಾಸದಲ್ಲಿ ಚಿಕ್ಕಗಂಗಮ್ಮ ಐದು ಸಲ ಬಸ್ಸು ನಿಲ್ಲಿಸಿದ್ದಳಂತೆ. ಆ ಬಡಪಾಯಿಯನ್ನು ಡೇರಿ ಮುಂದೆ ಇವತ್ತಿಗೂ ಆಡಿಕೊಳ್ಳುತ್ತಾರೆ, ತಮಗೆ ವಯಸ್ಸೇ ಆಗುವುದಿಲ್ಲವೆಂದು ಬರೆಸಿಕೊಂಡು ಬಂದವರ ಹಾಗೆ. ಅರವತ್ತೆಂಟರ ಅನಸೂಯಮ್ಮ ಸಭೆಯಲ್ಲಿ ಎದ್ದು ನಿಂತು, "ನನ್ನಿಂದ ಬಸ್ಸು ಒಂದ್ ಸಲಾನೂ ನಿಲ್ಲಲ್ಲ. ನಿಂತ್ರೆ ಇನ್ಮೇಲೆ ಮುದುಕೀರ್ನ ಯಾರ್ನೂ ಕರ್ಕೊಂಡೋಗ್ಬೇಡಿ," ಎಂದು ಮಾತು ಕೊಟ್ಟಿದ್ದರು. ಅವರು ನುಂಗುವ ಬಿಪಿ ಮಾತ್ರೆಯೋ ಗಳಿಗೆಗೊಮ್ಮೆ ಬಚ್ಚಲಿಗೆ ಎಬ್ಬಿಸುವಂಥದ್ದು. ನೀರು ಬಿಡುವುದೊಂದೇ ಅವರಿಗೆ ಹೊಳೆದ ಉಪಾಯ.

ಇಷ್ಟೆಲ್ಲ ಸುನಂದಳಿಗಾಗಿ. ಹೋದ ವರ್ಷ ಅತಿಥಿಯಾಗಿ ಬಂದವಳು ಮನೆಯ ಮೆಟ್ಟಿಲ ಕೆಳಗೇ ಬ್ಯಾಗು ಹಿಡಿದು ನಿಂತು, "ನಾವು ಕೇರಿ ಜನ ಅಮ್ಮ, ಒಳಗ್ ಬರ್ಬೋದಾ?" ಎಂದು ಕೇಳಿದ್ದಳು. ಅನಸೂಯಮ್ಮ ಅವಳನ್ನು ಅಡುಗೆಮನೆಗೇ ಎಳೆದುಕೊಂಡು ಹೋಗಿದ್ದರು. ಮೂರು ದಿನ ಒಂದೇ ಪಾತ್ರೆಯ ಮುದ್ದೆ ಉಂಡು, ಸತ್ತ ಗಂಡಂದಿರನ್ನು ಬೈದು ಬೈದು ನಕ್ಕಿದ್ದರು. ಹೆತ್ತ ಮಗಳ ಹತ್ತಿರವೂ ಅವರು ಹಾಗೆ ಮನಸ್ಸು ಬಿಚ್ಚಿದ್ದಿಲ್ಲ. ಸಾಯುವುದರೊಳಗೆ ಅವಳ ಮನೆಗೊಂದು ಸಲ ಹೋಗಿಬರಬೇಕು ಅನ್ನುವುದೇ ಆಸೆಯಾಗಿತ್ತು. ಈ ಸಲ ಎಲ್ಲರೂ ಉಳಿಯುವುದು ಇನ್ನೂ ಮುಂದಿನ ಡೇರಿ ತರಬೇತಿ ಕೇಂದ್ರದಲ್ಲಾದರೂ, ದಾರಿಯಲ್ಲಿ ಅವಳ ಮನೆ ಮುಂದೆ ಬಸ್ಸು ಸ್ವಲ್ಪ ಹೊತ್ತು ನಿಲ್ಲುವುದಿತ್ತು.

ಊರು ಮುಟ್ಟಿದಾಗ ಹನ್ನೆರಡು ದಾಟಿತ್ತು. ಸುನಂದ ಓಡಿ ಬಂದು ಅವರ ಕೈ ಹಿಡಿದು ಇಳಿಸಿಕೊಂಡಳು. ಅಂಗಳ ಸಾರಿಸಿ ರಂಗೋಲಿ ಇಟ್ಟಿದ್ದಳು. ಅಕ್ಕಪಕ್ಕದ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಕೋಲಾರದಮ್ಮ ಬರುತ್ತಾರೆಂದು ತಿಂಗಳಿನಿಂದ ಅವಳು ಹೇಳಿಕೊಂಡು ತಿರುಗಿದ್ದಳಂತೆ. ಅನಸೂಯಮ್ಮನನ್ನು ಜಗಲಿಯ ಮೇಲೆ ಕೂರಿಸಿ, ಒಳಗಿನಿಂದ ಚೊಂಬು ತುಂಬ ನೀರು, ತಟ್ಟೆಯಲ್ಲಿ ಬೆಲ್ಲ ತಂದಳು.

"ತಗಳಿ ಅಮ್ಮ, ಬಿಸ್ಲಾಗ್ ಬಂದಿದೀರ."

ಕೈ ತಾನಾಗಿ ಮುಂದೆ ಹೋಯಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ರಜನಿ ಗಡಿಯಾರ ನೋಡಿಕೊಂಡು, "ಹತ್ ನಿಮಿಷ ಅಷ್ಟೇ. ಇಲ್ಲಿಂದ ತರಬೇತಿ ಕೇಂದ್ರಕ್ಕೆ ಮೂರ್ ಗಂಟೆ, ಮಧ್ಯ ಎಲ್ಲೂ ನಿಲ್ಸಲ್ಲ," ಎಂದಳು.

ಅನಸೂಯಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. "ಬೇಡ ಕಣಮ್ಮ."

"ಒಂದ್ ಗುಟುಕು."

"ಈಗ ಬೇಡ."

"ಚೂರು ಬೆಲ್ಲ?"

ಬೆಲ್ಲ ತಿಂದರೆ ಇನ್ನಷ್ಟು ಬಾಯಾರುತ್ತದೆ. ಅವರು ತಲೆ ಅಲ್ಲಾಡಿಸಿದರು. ಕಾರಣ ನಾಲಿಗೆ ತುದಿಗೆ ಬಂದಿತ್ತು. ಆದರೆ ರಜನಿಯ ಮುಂದೆ, ಇಳಿದು ಬಂದ ಡ್ರೈವರನ ಮುಂದೆ, ಹೇಳುವ ಮಾತೇ ಅದು? ಸುನಂದ ಅವರ ಮುಖವನ್ನೇ ಒಂದು ಕ್ಷಣ ನೋಡಿದಳು. ಬಾಗಿಲಲ್ಲಿದ್ದ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಸುನಂದ ಚೊಂಬು, ತಟ್ಟೆ ಎತ್ತಿಕೊಂಡು ಒಳಗೆ ನಡೆದಳು.

ತಿರುಗಿ ಬಂದಾಗ ಅವಳ ಕೈಯಲ್ಲಿ ನೀರಿನ ಬಾಟಲಿ ಇತ್ತು.

"ಇದು ಅಂಗಡೀದು ಅಮ್ಮ," ಎಂದಳು, ನೆಲ ನೋಡುತ್ತ. "ಸೀಲ್ ಒಡ್ದಿಲ್ಲ."

ಅದಲ್ಲ ಕಣೇ ಹುಚ್ಚಿ, ಅನ್ನಲು ಅನಸೂಯಮ್ಮ ಬಾಯಿ ತೆರೆದರು. ಒಣಗಿದ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ಅತ್ತ ಡ್ರೈವರ್ ಬಸ್ಸು ಹತ್ತಿ ಹಾರನ್ ಒತ್ತಿದ.

ಬಾಟಲಿಯನ್ನು ಸುನಂದ ಅವರ ಕೈಗೆ ಕೊಡಲಿಲ್ಲ. ಜಗಲಿಯ ತುದಿಗೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.