ಸಡಿಲ ಬಿಟ್ಟ ಹೊಲಿಗೆ

ಮನೆಯ ಮುಂದಿನ ಕೋಣೆಯೇ ದರ್ಜಿಯ ಅಂಗಡಿ. ಅವನು ಹೊಲಿಯುತ್ತಿದ್ದ, ಹೆಂಡತಿ ಕಿಟಕಿಯ ಪಕ್ಕ ಕುಳಿತು ಗುಂಡಿಗಳಿಗೆ ಕಾಜಾ ಹಾಕುತ್ತಿದ್ದಳು, ತಮ್ಮ ಇಸ್ತ್ರಿ ಮಾಡುತ್ತಿದ್ದ. ಅಣ್ಣತಮ್ಮಂದಿರಿಬ್ಬರೂ ಸಿಗರೇಟು ಸೇದುವವರು, ಇಬ್ಬರಿಗೂ ಬಿಡದ ಕೆಮ್ಮು. ಬಟ್ಟೆಯ ಧೂಳು ಎಂದು ಹೇಳಿ ಕೈತೊಳೆದುಕೊಂಡಿದ್ದರು.

ಒಂದು ದಿನ ಗಂಡನ ಪ್ಯಾಂಟು ಮಡಿಸುವಾಗ ಅವಳ ಬೆರಳು ನಿಂತಿತು. ತೊಡೆಸಂದಿನ ಹೊಲಿಗೆ ಬಿಚ್ಚಿ, ತುಂಡು ಬಟ್ಟೆ ಸೇರಿಸಿ ಅಗಲ ಮಾಡಿದ್ದ. ಸೊಂಟದಲ್ಲಿ ಮಾತ್ರ ಒಳಗೆ ಹಿಡಿದು ಚಿಕ್ಕದು ಮಾಡಿದ್ದ. ಇನ್ನೊಂದನ್ನು ಬಿಡಿಸಿ ನೋಡಿದಳು, ಅದೂ ಹಾಗೆಯೇ. ಊರವರ ಮೈ ಏರಿದ್ದು ಇಳಿದದ್ದನ್ನು ಬಟ್ಟೆಯಲ್ಲೇ ಓದುವ ಮನೆ ಅದು. ಮೈ ಸೊರಗುತ್ತಿದೆ, ಏನೋ ಬೆಳೆಯುತ್ತಿದೆ ಎಂದು ಅವಳಿಗೆ ತಿಳಿಯಿತು.

“ಇದೇನ್ರೀ ಇದು?”

“ವಯಸ್ಸಾಯ್ತಲ್ಲ, ಸ್ವಲ್ಪ ಗಾಳಿ ಆಡಲಿ ಅಂತ.”

ಅವಳು ನಗಲಿಲ್ಲ. ಕೊನೆಗೆ ಅವನೇ ಬಾಯಿಬಿಟ್ಟ. ಒಂದು ಕಡೆಯ ವೃಷಣ ಊದಿ ಕಲ್ಲಿನಂತಾಗಿ ತಿಂಗಳುಗಳೇ ಕಳೆದಿದ್ದವು.

ಅಂದು ಸಂಜೆ ಪಕ್ಕದ ಮನೆಯ ನರ್ಸಕ್ಕನನ್ನು ಕರೆಸಿದರು. ಅವಳು ಒಳಗೆ ಬಂದವಳೇ ತಮ್ಮನ ಇಸ್ತ್ರಿ ಮೇಜಿಗೂ ದರ್ಜಿಗೂ ನಡುವಿನ ಪರದೆಯನ್ನು ತಾನೇ ಎಳೆದು, ಆಮೇಲೆ ಕುಳಿತಳು. ದರ್ಜಿ ಸೂಜಿಯ ಮೇಲಿನ ಕಣ್ಣು ಕದಲಿಸಲಿಲ್ಲ.

“ನೋವೇ ಇಲ್ವಲ್ಲಕ್ಕ.”

“ನೋವಿಲ್ಲ ಅಂತ ಸುಮ್ಮನಿರೋ ಗಂಟಲ್ಲ ಅಣ್ಣ ಇದು. ಕೆಮ್ಮಿದಾಗ ರಕ್ತ ಬೀಳುತ್ತಾ?”

ಅವನು ಜೇಬಿನ ಕರವಸ್ತ್ರವನ್ನು ಇನ್ನಷ್ಟು ಒಳಗೆ ತಳ್ಳಿದ. ಹೆಂಡತಿಗೆ ಅಷ್ಟೇ ಸಾಕಾಯಿತು.

ಪರದೆಯ ಆಚೆಯಿಂದ ತಮ್ಮ ಕೊಂಕು ನುಡಿದ. “ಅದಕ್ಕೂ ಕೆಮ್ಮಿಗೂ ಏನಕ್ಕ ಸಂಬಂಧ? ತಲೆನೋವು ಅಂದ್ರೆ ಕಾಲು ನೋಡಿದ ಹಾಗಾಯ್ತು.”

“ಇಲ್ಲದೇ ಇರಬಹುದು, ಇರಲೂಬಹುದು. ಅದನ್ನ ಪರೀಕ್ಷೆ ಹೇಳಬೇಕು, ನೀನೂ ಅಲ್ಲ ನಾನೂ ಅಲ್ಲ.”

ದರ್ಜಿ ಮೆಲ್ಲನೆ ಕೇಳಿದ. “ಎಲ್ಲರ ಅಳತೆ ತೆಗೆದವನು ನಾನು. ಈಗ ಇನ್ನೊಬ್ಬರ ಮುಂದೆ ಹೇಗಕ್ಕ ಬಿಚ್ಚಿ ನಿಲ್ಲಲಿ?”

“ಅಳತೆ ತೆಗೆಯುವಾಗ ಯಾರನ್ನಾದರೂ ನೋಡಿ ನಕ್ಕಿದ್ದೀರಾ? ಡಾಕ್ಟರೂ ಹಾಗೇ.”

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು, ಗಡ್ಡೆಯನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ವೃಷಣದ ಗಂಟು ಸಾಮಾನ್ಯವಾಗಿ ಅಲ್ಲಿಯೇ ಹುಟ್ಟಿದ್ದಾಗಿರುತ್ತದೆ, ಬೇಗ ಬಂದರೆ ಎಷ್ಟೋ ಜನ ಪೂರ್ತಿ ವಾಸಿಯಾಗುತ್ತಾರೆ ಎಂದರು ಡಾಕ್ಟರು. ಇವನದು ಅಲ್ಲಿ ಹುಟ್ಟಿದ್ದಲ್ಲ. ಶ್ವಾಸಕೋಶದ ಕ್ಯಾನ್ಸರು ಅಲ್ಲಿಯವರೆಗೂ ಹರಡಿತ್ತು. ಹೀಗಾಗುವುದು ತೀರಾ ಅಪರೂಪವಂತೆ.

“ಕೆಮ್ಮು ಶುರುವಾದಾಗಲೇ ಬಂದಿದ್ರೆ?” ಎಂದಳು ಹೆಂಡತಿ.

ಡಾಕ್ಟರು ನೀರಿನ ಲೋಟವನ್ನು ಅವಳ ಕೈಗೆ ಸಿಗುವಂತೆ ಸರಿಸಿದರು. “ಆಗ ಇನ್ನಷ್ಟು ದಾರಿ ಇರ್ತಿತ್ತಮ್ಮ. ಈಗ ನೋವು ಕಡಿಮೆ ಮಾಡಬಹುದು, ಸ್ವಲ್ಪ ಕಾಲ ತಡೆಯಬಹುದು. ವಾಸಿ ಮಾಡ್ತೀನಿ ಅಂತ ಹೇಳಲಾರೆ.”

ಮನೆಗೆ ಬಂದ ಮೇಲೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿದರು. ತಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮುತ್ತಿದ್ದ. ಮಲಗಿದ್ದ ಅಣ್ಣ ಕರೆದ.

“ಇಸ್ತ್ರಿ ಮಾಡೋನು ನೀನು. ನಾನು ಹೊಲಿಗೆ ಬಿಚ್ಚಿದ್ದನ್ನ ನೀನು ನೋಡಿದ್ದೆ, ಅಲ್ವೇನೋ?”

“ನೋಡಿದ್ದೆ ಅಣ್ಣ. ಕೇಳೋಕೆ ನಾಚಿಕೆ ಆಯ್ತು.”

“ನನಗೂ ಹೇಳೋಕೆ ನಾಚಿಕೆ ಆಯ್ತು. ಹೋಗು, ನಿನ್ನ ಕೆಮ್ಮು ತೋರಿಸ್ಕೊಂಡು ಬಾ.”

ಮರುದಿನ ಬೆಳಿಗ್ಗೆ ತಮ್ಮ ಸಿಗರೇಟಿನ ಪೊಟ್ಟಣವನ್ನು ಅತ್ತಿಗೆಯ ಕೈಗೆ ಕೊಟ್ಟು ನರ್ಸಕ್ಕನ ಜೊತೆ ಎಕ್ಸ್‌ರೇಗೆ ಹೊರಟ. ಅವಳು ಕಿಟಕಿಯ ಪಕ್ಕ ಕುಳಿತು ಗಂಡನ ಪ್ಯಾಂಟಿನ ಸೊಂಟವನ್ನು ಮತ್ತೆ ಒಳಗೆ ಹಿಡಿಯುತ್ತಿದ್ದಳು. ಈ ಸಲವೂ ಬಹಳವೇ ಹಿಡಿಯಬೇಕಾಯಿತು.

ಓದುತ್ತಿರುವ ಅಣ್ಣತಮ್ಮಂದಿರೇ, ಕೆಮ್ಮು ಮೂರು ವಾರವಾದರೂ ಬಿಡದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ಮೈ ಇಳಿದರೆ, ವೃಷಣದಲ್ಲಿ ಗಂಟೋ ಊತವೋ ಕಂಡರೆ, ನೋವಿಲ್ಲದಿದ್ದರೂ ಡಾಕ್ಟರಿಗೆ ತೋರಿಸಿ. ಸಿಗರೇಟು ಬಿಡಿ. ಅಕ್ಕತಂಗಿಯರೇ, ಮನೆಯವರ ಬಟ್ಟೆ ಮಡಿಸುವಾಗ ಕಣ್ಣಿಗೆ ಬಿದ್ದದ್ದನ್ನು ಕೇಳಿಬಿಡಿ. ದರ್ಜಿಯ ಹೆಂಡತಿ ಕೇಳುವ ಹೊತ್ತಿಗೆ ತಡವಾಗಿತ್ತು. ನೀವು ಇವತ್ತೇ ಕೇಳಿ.