ಹಸಿ ಹಿಡಿಕೆಗಳು

"ಎತ್ರಪ್ಪಾ, ಒಂದೇ ಸಲಕ್ಕೆ!" ಎಂದು ರಾಯ್ಸ್ ಕೂಗಿದ. ಆರು ಜನ ಬಗ್ಗಿ ಶವಪೆಟ್ಟಿಗೆಯ ಆರು ಹಿಡಿಕೆಗಳಿಗೆ ಕೈ ಹಾಕಿ ಎತ್ತಿದರು. ಪೆಟ್ಟಿಗೆ ಮೇಲೇಳುತ್ತಿದ್ದ ಹಾಗೆಯೇ ಎಲ್ಲೋ ಕಿರ್ರೆಂದು ಸಣ್ಣ ಸದ್ದಾಯಿತು. ಬಾಗಿಲಲ್ಲಿ ನಿಂತಿದ್ದ ಆಲ್ಮೀಡಾ ಥಟ್ಟನೆ ಹಿಡಿಕೆಗಳತ್ತ ನೋಡಿದಳು. ಬೇರೆ ಯಾರೂ ಆ ಸದ್ದಿಗೆ ಕಿವಿಗೊಟ್ಟಂತೆ ಕಾಣಲಿಲ್ಲ.

"ಜೀವಮಾನವೆಲ್ಲ ಒಣಕಲು ಕಡ್ಡಿ ಥರ ಇದ್ದ. ಸತ್ತ ಮೇಲೆ ಹ್ಯಾಗೆ ಇಷ್ಟು ಭಾರ ಆದ?" ಎಂದ ಪಕ್ಕದ ಮನೆಯ ವರ್ನನ್, ಏದುಸಿರು ಬಿಡುತ್ತ.

"ಭಾರ ಅವನದ್ದಲ್ಲ ಕಣೋ, ಪೆಟ್ಟಿಗೇದು. ನಮ್ಮಣ್ಣ ಕೈಯಾರೆ ಮಾಡಿಟ್ಟು ಹೋಗಿದ್ದು. ಒಂದು ಮೊಳೆ ಇಲ್ಲ, ಒಂದು ತೊಟ್ಟು ಗೋಂದಿಲ್ಲ. ಡೆಲ್ಮರ್ ಪ್ರುವಿಟ್ ಕೂರಿಸಿದ ಕೀಲು ಸಡಿಲ ಆಗಿದ್ದನ್ನ ಕಂಡೋರು ಈ ಕಣಿವೇಲಿ ಯಾರಾದ್ರೂ ಇದ್ರೆ ಮುಂದೆ ಬನ್ನಿ, ನೋಡೋಣ!" ಎಂದ ಸತ್ತವನ ತಮ್ಮ ರಾಯ್ಸ್.

ಅಳುತ್ತಿದ್ದವರೂ ನಕ್ಕರು. ಯಾರೂ ಮುಂದೆ ಬರಲಿಲ್ಲ. ಬರಬೇಕಾದವಳು ಡೆಲ್ಮರನ ಹೆಂಡತಿ ಆಲ್ಮೀಡಾ. ಅವಳು ಗೋಡೆ ಹಿಡಿದುಕೊಂಡು ನಿಂತಿದ್ದಳು.

ಪ್ರುವಿಟ್ ಮನೆತನದವರನ್ನು ಹೂಳುವ ಜಾಗ ಮನೆಯ ಹಿಂದಿನ ಗುಡ್ಡದ ನೆತ್ತಿಯ ಮೇಲಿತ್ತು. ಗಾಡಿ ಹತ್ತುವ ದಾರಿಯಲ್ಲ. ಅರ್ಧ ಮೈಲಿ ಹೊತ್ತೇ ಹೋಗಬೇಕು. ನಡುವೆ ಒಂದು ಕಡೆ ಕಾಲುದಾರಿ ತೀರ ಕಿರಿದಾಗಿ, ಎಡಕ್ಕೆ ಹಳ್ಳದವರೆಗೆ ಕಡಿದಾದ ಇಳಿಜಾರಿತ್ತು. ಬೆಳಗಿನಿಂದ ಆಲ್ಮೀಡಾ ಆ ಜಾಗವನ್ನೇ ನೆನೆಯುತ್ತಿದ್ದಳು.

ವರ್ನನ್ನನ ಹೆಂಡತಿ ನೊವೆಲ್ಲಾ ಅವಳ ತೋಳು ಹಿಡಿದುಕೊಂಡಳು. "ಅಳೋದಿದ್ರೆ ಅತ್ತುಬಿಡೇ. ಒಳಗೇ ಇಟ್ಕೋಬೇಡ."

ಆಲ್ಮೀಡಾಗೆ ಅಳು ಬರುತ್ತಿರಲಿಲ್ಲ. ನಲವತ್ತೇಳು ವರ್ಷ ಜೊತೆಗಿದ್ದ ಗಂಡನನ್ನು ಕಳಿಸಿಕೊಡುವ ದಿನ ಅವನ ಮುಖವನ್ನು ಬಿಟ್ಟು ಆರು ಹಿಡಿಕೆಗಳನ್ನು ಕಾಯುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆದರೂ ಕಣ್ಣು ಕೀಳಲಿಲ್ಲ.

*

ಕುರ್ಚಿಯ ಹಸಿ ಕಾಲಿಗೆ ಒಣ ಅಡ್ಡಕೋಲು. ಡೆಲ್ಮರನ ಕಸುಬಿನ ಗುಟ್ಟೆಲ್ಲ ಇಷ್ಟೇ. ಹಿಕರಿ ಮರದ ಕೊಂಬೆಗಳನ್ನು ತೊಗಟೆ ಸಮೇತ ಕಡಿದು ತಂದು ಅವನು ಕುರ್ಚಿ, ಮಂಚ, ತೊಟ್ಟಿಲು ಮಾಡುತ್ತಿದ್ದ. ಚೆನ್ನಾಗಿ ಒಣಗಿದ ಕೋಲಿನ ತುದಿಯನ್ನು ಹಸಿ ಕಾಲಿನ ತೂತಿಗೆ ಬಡಿದು ಕೂರಿಸಿದರೆ ಒಣಗಿದ್ದು ಊದಿಕೊಳ್ಳುತ್ತದೆ, ಹಸಿಯದು ಬಿಗಿದುಕೊಳ್ಳುತ್ತದೆ. ಆಮೇಲೆ ಆನೆ ಎಳೆದರೂ ಬರುವುದಿಲ್ಲ. ಕೋಲೇ ಹಸಿಯಾಗಿದ್ದರೆ ಮುಗಿಯಿತು. ಒಣಗುತ್ತ ಒಣಗುತ್ತ ಸಣ್ಣಗಾಗಿ ಒಂದು ದಿನ ಕೈಗೇ ಬರುತ್ತದೆ.

ಯಾವುದು ಒಣಗಿದೆ, ಯಾವುದಿಲ್ಲ ಎಂದು ಡೆಲ್ಮರ್ ಎರಡು ಕೋಲು ಬಡಿದು ಸದ್ದಿನಲ್ಲೇ ಹೇಳುತ್ತಿದ್ದ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವನು ಕೋಲುಗಳನ್ನು ಬಡಿದ, ಮತ್ತೆ ಬಡಿದ, ಆಮೇಲೆ ಹೆಂಡತಿಯ ಮುಖ ನೋಡಿದ. "ಇದು ಯಾವ್ದೇ?" ಎಂದ. ಅವಳು ತಮಾಷೆ ಎಂದುಕೊಂಡಳು. ಅವನ ಕಣ್ಣು ನೋಡಿದ ಮೇಲೆ ನಗು ಬಾಯಲ್ಲೇ ಉಳಿಯಿತು.

ಅಂದಿನಿಂದ ಕೋಲು ಆರಿಸುವವಳು ಅವಳಾದಳು. ಮುಂದಿನ ಚಳಿಗಾಲಕ್ಕೆ ತುದಿ ಕೆತ್ತುವವಳೂ ಅವಳೇ, ಬಡಿದು ಕೂರಿಸುವವಳೂ ಅವಳೇ. ಅವನು ಪಕ್ಕದಲ್ಲಿ ಕೂತು, ಯಾರಾದರೂ ಬಂದರೆ ತಾನೇ ಬಡಿಯುತ್ತಿದ್ದವನಂತೆ ಕೊಡತಿ ಕೈಗೆತ್ತಿಕೊಳ್ಳುತ್ತಿದ್ದ.

"ನಂಗೆ ಏನಾಗ್ತಿದೆ ಅಂತ ಗೊತ್ತು ಕಣೇ," ಎಂದಿದ್ದ ಒಂದು ದಿನ, ಮನಸ್ಸು ತಿಳಿಯಾಗಿದ್ದಾಗ. "ಅಪ್ಪಂಗೆ ಆಗಿದ್ದೇ. ಅವನನ್ನ ಇಡೀ ಊರು ಮಳ್ಳ ಪ್ರುವಿಟ್ ಅಂತಿತ್ತು. ಹುಡುಗ್ರು ಕಲ್ಲು ಹೊಡೀತಿದ್ರು. ಯಾರಿಗೂ ಹೇಳ್ಬೇಡ. ರಾಯ್ಸ್‌ಗೂ ಹೇಳ್ಬೇಡ."

"ಹೇಳಲ್ಲ," ಎಂದಿದ್ದಳು.

*

ಏರು ಶುರುವಾಗಿತ್ತು. ಹಿಂದೆ ಬರುತ್ತಿದ್ದವರು ಮೆಲ್ಲಗೆ ಹಾಡುತ್ತಿದ್ದರು. ವರ್ನನ್ ಹಿಡಿತ ಬದಲಿಸಿ, "ಇದೇನು, ತೊಗಟೆ ಕೈಗೇ ಬರ್ತಿದೆ?" ಎಂದ.

"ಬೆವರು ಕೈ ನಿಂದು. ಗಟ್ಟಿಯಾಗಿ ಹಿಡ್ಕೋ, ಸೋಮಾರಿ," ಎಂದ ರಾಯ್ಸ್.

ಬೆವರಲ್ಲ ಎಂದು ಆಲ್ಮೀಡಾಗೆ ಗೊತ್ತಿತ್ತು. ಚಳಿಗಾಲದಲ್ಲಿ ಕಡಿದ ಕೊಂಬೆ ತೊಗಟೆ ಬಿಡುವುದಿಲ್ಲ. ಬಿಡುವುದು ರಸವೇರಿದ ಮೇಲೆ, ಮೇ ತಿಂಗಳಲ್ಲಿ ಕಡಿದದ್ದು. ಬುದ್ಧಿ ಸರಿಯಿದ್ದ ಡೆಲ್ಮರ್ ಮೇ ತಿಂಗಳಲ್ಲಿ ಕೊಡಲಿ ಮುಟ್ಟುತ್ತಿರಲಿಲ್ಲ.

ಈ ವರ್ಷದ ಮೇ ತಿಂಗಳಲ್ಲಿ ಅವಳು ಅಕ್ಕನ ಆಪರೇಷನ್ ಎಂದು ಹತ್ತು ದಿನ ಪಟ್ಟಣಕ್ಕೆ ಹೋಗಿದ್ದಳು. ಹೋಗುವ ಮುಂಚೆ, ಡೆಲ್ಮರ್ ತನಗೆಂದೇ ಮಾಡುತ್ತಿದ್ದ ಶವಪೆಟ್ಟಿಗೆಯ ಹಿಡಿಕೆಗಳಿಗಾಗಿ, ತಾನಾಗಿ ಬಾಗಿದ ಆರು ಕೊಂಬೆಗಳನ್ನು ಒಲೆಯ ಕಾವಿನಲ್ಲಿ ಒಣಗಿಸಿ ಅವನ ಕೆಲಸದ ಮೇಜಿನ ಹತ್ತಿರ ಇಟ್ಟಿದ್ದಳು. ವಾಪಸು ಬಂದಾಗ ಪೆಟ್ಟಿಗೆ ಸಿದ್ಧವಾಗಿತ್ತು. ಬಾಗಿದ ಕೊಂಬೆಗಳ ಎರಡೂ ತುದಿಗಳು ಪಕ್ಕದ ಹಲಗೆಯೊಳಗೆ ಬಿಗಿಯಾಗಿ ಕೂತಿದ್ದವು. ಡೆಲ್ಮರ್ ಮದುವೆ ಗಂಡಿನ ಹಾಗೆ ನಿಂತಿದ್ದ. ಅವಳು ಬಡಿದು ನೋಡಲಿಲ್ಲ. ಆ ಸಂತೋಷವನ್ನು ಬಡಿದು ನೋಡುವ ಮನಸ್ಸಾಗಲಿಲ್ಲ. ಆಮೇಲೆ ಎರಡು ತಿಂಗಳು ಪೆಟ್ಟಿಗೆ ತಗಡಿನ ಮಾಡಿನ ಕೆಳಗೆ ಬೇಸಿಗೆಯ ಕಾವಿನಲ್ಲಿ ಒಣಗಿತು.

ಇವತ್ತು ಬೆಳಿಗ್ಗೆ, ಮುಚ್ಚಳಕ್ಕೆ ಮರದ ಬೆಣೆ ಹೊಡೆಯಲು ಕೊಡತಿ ಬೇಕೆಂದು ರಾಯ್ಸ್ ಕೂಗಿದಾಗ ಅವಳು ಡೆಲ್ಮರ್ ಕೆಲಸ ಮಾಡುತ್ತಿದ್ದ ಕೊಟ್ಟಿಗೆಗೆ ಹೋದಳು. ಮೇಜಿನ ಅಡಿಯಲ್ಲಿ ಅವಳು ಒಣಗಿಸಿಟ್ಟಿದ್ದ ಆರೂ ಕೊಂಬೆಗಳು ಧೂಳು ಹಿಡಿದು ಹಾಗೇ ಬಿದ್ದಿದ್ದವು. ಅವಳು ಕೊಡತಿ ತಂದು ಮೈದುನನ ಕೈಗೆ ಕೊಟ್ಟಳು. ಬಾಯಿ ಬಿಡಲಿಲ್ಲ.

*

ದಾರಿ ಕಿರಿದಾಯಿತು. ಹೊತ್ತವರು ಅಡ್ಡಡ್ಡ ಹೆಜ್ಜೆ ಇಡತೊಡಗಿದರು. ಎಡಗಡೆಯ ಮೂವರ ಬೂಟುಗಳು ಅಂಚಿನಲ್ಲಿದ್ದವು. ಮಣ್ಣು ಉದುರಿ ಹಳ್ಳಕ್ಕೆ ಬೀಳುವ ಸದ್ದು ಕೇಳುತ್ತಿತ್ತು.

ಅವರಲ್ಲೊಬ್ಬನಾದ ವರ್ನನ್ನನ ಹಿಡಿಕೆಯ ಬುಡದಲ್ಲಿ ಬಿಳಿಯದೊಂದು ಕಾಣಿಸಿತು. ಉಗುರಿನಷ್ಟು. ಒಳಗಿರಬೇಕಾದ ತುದಿ ಹೊರಬರುತ್ತಿತ್ತು. ಎರಡು ಹೆಜ್ಜೆಗೆ ಅದು ಹೆಬ್ಬೆರಳಷ್ಟಾಯಿತು. ಪೆಟ್ಟಿಗೆ ಜಾರಿದರೆ ಇಳಿಜಾರಿಗೇ. ಮುಚ್ಚಳ ಕಿತ್ತು, ಅವನು ಒಳಗಿಂದ ಉರುಳಿ, ಎಲ್ಲರ ಕಣ್ಣೆದುರಿಗೆ... ವರ್ನನ್ನೂ ಜೊತೆಗೆ ಹೋಗುತ್ತಾನೆ. ಹೇಳಿದರೆ ಮಳ್ಳ ಪ್ರುವಿಟ್. ಹೇಳದಿದ್ದರೆ ಇದು. ಇನ್ನು ಹತ್ತು ಹೆಜ್ಜೆ, ದಾರಿ ಅಗಲವಾಗುತ್ತದೆ. ದೇವರೇ, ಹತ್ತೇ ಹೆಜ್ಜೆ.

"ಕೆಳಗಿಡಿ!" ಎಂದು ಅವಳು ಕಿರುಚಿದಳು.

ಹಾಡು ನಿಂತಿತು. "ಇಲ್ಲಿಯಾ? ಅತ್ತಿಗೆ, ಇಲ್ಲಿ ಕಾಲಿಡೋಕೇ ಜಾಗ ಇಲ್ಲ!"

"ಇಡೋ ರಾಯ್ಸ್! ಹಿಡಿಕೆ ಎಲ್ಲ ಹಸಿ ಕಟ್ಟಿಗೇದು!"

"ಅಣ್ಣ ಹಸಿ ಕಟ್ಟಿಗೆ ಹಾಕ್ತಾನಾ? ತಲೆ ಕೆಟ್ಟಿದೆಯಾ ನಿಮಗೆ?"

"ನಂಗಲ್ಲ, ಅವನಿಗೆ." ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಎರಡು ವರ್ಷದಿಂದ ಅವನಿಗೆ ಹಸೀದು ಯಾವ್ದು, ಒಣಗಿದ್ದು ಯಾವ್ದು ಗೊತ್ತಾಗ್ತಿರಲಿಲ್ಲ. ಒಂದೊಂದು ದಿನ ನನ್ನ ಹೆಸರೂ. ನಿಮ್ಮಪ್ಪನಿಗೆ ಆದ ಹಾಗೇ."

ಆರು ಜನ ಉಸಿರು ಬಿಗಿಹಿಡಿದು ಪೆಟ್ಟಿಗೆಯನ್ನು ದಾರಿಯ ಮೇಲೆ ಇಳಿಸಿದರು. ರಾಯ್ಸ್ ವರ್ನನ್ನನನ್ನು ಸರಿಸಿ ಹಿಡಿಕೆಗೆ ಕೈ ಹಾಕಿದ. ಒಂದೇ ಎಳೆತಕ್ಕೆ ಅದು ಕೈಗೆ ಬಂತು. ಅವನು ಅದರ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಕ್ರಿಸ್‌ಮಸ್‌ಗೆ ನಂಗೆ ಕೊಟ್ಟ ಕುರ್ಚಿ?"

"ನಾನು ಮಾಡಿದ್ದು."

"ಚರ್ಚಿನ ಹನ್ನೆರಡು?"

"ಅವೂ ನಾನೇ."

ಅವಳು ನಗುವಿಗೆ ಕಾದಳು. ಹಿಂದಿನಿಂದ ಒಂದು ಪಿಸುಮಾತಿಗೆ ಕಾದಳು. ರಾಯ್ಸ್‌ನ ಮುಖದಲ್ಲಿ ರಕ್ತವೇ ಇರಲಿಲ್ಲ. ಆ ಮುಖ ಅವಳಿಗೆ ಗೊತ್ತಿತ್ತು. ಕೋಲು ಬಡಿದು ಸದ್ದು ತಿಳಿಯದೆ ನಿಂತವನ ಮುಖ.

"ಅಪ್ಪಂಗೂ ಆಯ್ತು, ಅಣ್ಣಂಗೂ ಆಯ್ತು," ಎಂದ. "ನಂಗೆ ಈಗ ಅರವತ್ತಮೂರು, ಅತ್ತಿಗೆ."

ರಾಯ್ಸ್ ಹಿಡಿಕೆಯನ್ನು ಹುಲ್ಲಿನ ಮೇಲಿಟ್ಟು, ಮಂಡಿಯೂರಿ, ಪೆಟ್ಟಿಗೆಯ ತಳಕ್ಕೆ ಎರಡೂ ಅಂಗೈ ತೂರಿಸಿದ. "ಹಿಡಿಕೆ ಬಿಡ್ರಪ್ಪಾ. ಅಡಿಯಿಂದ ಎತ್ತೋಣ. ವರ್ನನ್, ನೀನು ಬಲಕ್ಕೆ ಬಾ."

ಹಾಗೇ ಹೋದರು. ಕೆನ್ನೆಗೆ ಹಲಗೆ ಒತ್ತಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು, ಒಬ್ಬರ ಕಾಲು ಒಬ್ಬರು ತುಳಿದು ಬೈದುಕೊಳ್ಳುತ್ತ ನೆತ್ತಿ ತಲುಪಿದರು.

ಪಾದ್ರಿ ಎಲ್ಲರನ್ನೂ ಗುಂಡಿಯ ಸುತ್ತ ನಿಲ್ಲಿಸಿ ಕೈ ಕೈ ಹಿಡಿದುಕೊಳ್ಳಲು ಹೇಳಿದ. ರಾಯ್ಸ್ ಬಂದು ಆಲ್ಮೀಡಾಳ ಕೈ ಹಿಡಿದ. ಅವನ ಅಂಗೈ ಜಿಗಿಜಿಗಿ ಅನ್ನುತ್ತಿತ್ತು. ಮೂಗಿಗೆ ಅಗಸೆ ಎಣ್ಣೆಯ ವಾಸನೆ ಬಂತು. ಮರಕ್ಕೆ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಬೇಕು, ಒರೆಸದಿದ್ದರೆ ತಿಂಗಳುಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ತಳಕ್ಕೆ ಹಚ್ಚಿದ್ದನ್ನು ಡೆಲ್ಮರ್ ಒರೆಸಲು ಮರೆತಿದ್ದ. ಆರು ಜನರ ಕೈಯೂ ಹಾಗೇ ಇತ್ತು. ಒಬ್ಬನೂ ಪ್ಯಾಂಟಿಗೆ ಒರೆಸಿಕೊಂಡಿರಲಿಲ್ಲ.

"ನಂಗೆ ಶುರುವಾದ್ರೆ," ಎಂದ ರಾಯ್ಸ್, ಪ್ರಾರ್ಥನೆಯ ಮಧ್ಯದಲ್ಲಿ, ತುಟಿ ಅಲುಗಿಸದೆ, "ಮುಚ್ಚಿಡ್ಬೇಡಿ ಅತ್ತಿಗೆ. ಮೊದಲು ನಂಗೇ ಹೇಳಿ."

"ಹೇಳ್ತೀನಿ."

ಆಮೆನ್ ಎಂದರು. ಸುತ್ತಲೂ ಕೈಗಳು ಒಂದೊಂದಾಗಿ ಮೆಲ್ಲಗೆ ಬಿಡಿಸಿಕೊಂಡವು. ಆಲ್ಮೀಡಾ ತನ್ನ ಕೈ ಎಳೆದುಕೊಳ್ಳಲು ನೋಡಿದಳು. ಅಂಗೈಗೆ ಅಂಗೈ ಹತ್ತಿಕೊಂಡು ಬಿಡದೆ, ಇಬ್ಬರ ಚರ್ಮವೂ ಒಟ್ಟಿಗೆ ಸ್ವಲ್ಪ ಎದ್ದಿತು.