ಜಿಪ್ಪಕ್ಕ ಒಪ್ಪಲಿಲ್ಲವೆಂದು ಬರೆದದ್ದು

ಆಸ್ಪತ್ರೆಯ ಹಿಂದಿನ ಬೀದಿಗಳಲ್ಲಿ ಅವಳನ್ನು ಎಲ್ಲರೂ ಟೆಸ್ಟ್ ಮೇಡಂ ಎಂದೇ ಕರೆಯುತ್ತಿದ್ದರು. ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನಲವತ್ತು ದಾಟಿದ ಹೆಂಗಸರನ್ನು ಮನೆ, ಅಂಗಡಿ ಎನ್ನದೆ ಹುಡುಕಿ ಹೋಗಿ, ಮಾತಾಡಿಸಿ, ಎದೆಯ ಕ್ಯಾನ್ಸರ್ ಪರೀಕ್ಷೆಗೆ ಕರೆತರುವುದು ಅವಳ ಕೆಲಸ. ಮಗುವನ್ನು ನೋಡಿಕೊಳ್ಳುವವರಿಲ್ಲ ಎಂದು ಒಬ್ಬಳು ಹೇಳಿದರೆ ಇವಳೇ ಮಗುವನ್ನು ಎತ್ತಿಕೊಂಡು ಹೊರಗೆ ಕೂರುತ್ತಿದ್ದಳು. ಇನ್ನೊಬ್ಬಳ ಗಂಡ ಗುರುಗುಟ್ಟಿದರೆ ಅವನ ಅಮ್ಮನನ್ನೇ ಮೊದಲು ಒಪ್ಪಿಸಿ, ಅತ್ತೆ ಸೊಸೆ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಕೂರಿಸಿಕೊಂಡು ಬರುತ್ತಿದ್ದಳು. ನಾಚಿಕೊಳ್ಳುವವರಿಗೆ, "ಒಳಗೆ ನೋಡೋದೂ ಹೆಂಗಸೇ ಕಣ್ರೀ, ಅವಳಿಗೇನು ಹೊಸದಾ?" ಎಂದು ನಗಿಸುತ್ತಿದ್ದಳು. ಕಲ್ಲನ್ನೂ ಮಾತಾಡಿಸಬಲ್ಲಳು ಎಂದು ಅವಳಿಗೆ ಹೆಸರಿತ್ತು. ಆ ಹೆಸರಿನ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಜಿಪ್ಪಕ್ಕನನ್ನು ಮಾತ್ರ ಅವಳು ಮಾತಾಡಿಸಿರಲಿಲ್ಲ.

ಬ್ಯಾಗಿನ ಅಂಗಡಿಗಳ ಸಾಲಿನ ಕೊನೆಯಲ್ಲಿ ಎರಡು ಗೂಡಂಗಡಿಗಳಿದ್ದವು. ಒಂದರಲ್ಲಿ ಜಿಪ್ಪಕ್ಕನ ತಮ್ಮ ನಕಲಿ ಕೀ ಮಾಡಿಕೊಡುತ್ತಿದ್ದ. ಇನ್ನೊಂದರಲ್ಲಿ ಅವಳು ಗಾಲಿಕುರ್ಚಿಯಲ್ಲಿ ಕೂತು ಬ್ಯಾಗು, ಜಾಕೆಟ್ಟುಗಳ ಜಿಪ್ ರಿಪೇರಿ ಮಾಡುತ್ತಿದ್ದಳು. ಎರಡನೇ ವರ್ಷಕ್ಕೇ ಪೋಲಿಯೊ ಬಂದು ಕಾಲಿನ ಜೊತೆಗೆ ಬೆನ್ನಿನ ಬಲವೂ ಹೋಗಿತ್ತು. ತೋಳುಗಳು ಮಾತ್ರ ಪೈಲ್ವಾನರ ತೋಳುಗಳಂತಿದ್ದವು. ಆ ತೋಳುಗಳಿಂದಲೇ ಕುರ್ಚಿ ತಳ್ಳಿಕೊಂಡು ಬೆಳಿಗ್ಗೆ ಎಂಟಕ್ಕೆ ಬಂದು, ಮೊಂಡು ಇಕ್ಕಳದಿಂದ ಹಲ್ಲು ಬಿಟ್ಟ ಜಿಪ್ಪುಗಳನ್ನು ಕಚ್ಚಿಸಿ, ಮೇಣದ ತುಂಡು ಉಜ್ಜಿ, ಸರ್ ಎಂದು ಎಳೆದು ತೋರಿಸುತ್ತಿದ್ದಳು.

ಟೆಸ್ಟ್ ಮೇಡಂ ಆ ಸಾಲಿನಲ್ಲಿ ಮೂರನೇ ಸಲ ಪರೀಕ್ಷೆಯ ಚೀಟಿ ಹಂಚಿ ಹೊರಟಾಗ ಜಿಪ್ಪಕ್ಕ ಕೂಗಿದಳು.

"ಏನ್ ಮೇಡಂ, ಎಲ್ಲರಿಗೂ ಚೀಟಿ, ನಂಗ್ಯಾಕಿಲ್ಲ?"

ಟೆಸ್ಟ್ ಮೇಡಂ ತಡವರಿಸಿದಳು. "ಅಲ್ಲಕ್ಕ, ನಿಮಗೆ ಓಡಾಡೋದು ಕಷ್ಟ ಅಂತ..."

"ಕಾಲಿಲ್ಲ, ನಿಜ. ಎದೆ ಇದೆಯಲ್ಲ? ಅದಕ್ಕೆ ರೋಗ ಬರೋವಾಗ ಕಾಲು ನೋಡ್ಕೊಂಡು ಬರುತ್ತಾ?"

ಅಕ್ಕಪಕ್ಕದ ಅಂಗಡಿಯವರು ಗೊಳ್ಳೆಂದು ನಕ್ಕರು. ಟೆಸ್ಟ್ ಮೇಡಮ್ಮಿಗೂ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. "ತಪ್ಪಾಯ್ತಕ್ಕ. ಗುರುವಾರ ಬನ್ನಿ. ನಾನೇ ಬಾಗಿಲಲ್ಲಿ ನಿಂತಿರ್ತೀನಿ," ಎಂದಳು.

ಗುರುವಾರ ತಮ್ಮ ತನ್ನ ಅಂಗಡಿಗೂ ಬೀಗ ಹಾಕಿ ಅಕ್ಕನನ್ನು ತಳ್ಳಿಕೊಂಡು ಬಂದ. ಆಸ್ಪತ್ರೆಯ ಮುಂಬಾಗಿಲಲ್ಲಿ ಇಳಿಜಾರು ಇತ್ತು. ಆದರೆ ಪರೀಕ್ಷೆಯ ಕೋಣೆಯ ಬಾಗಿಲು ಎಷ್ಟು ಕಿರಿದಾಗಿತ್ತೆಂದರೆ ಕುರ್ಚಿಯ ಎರಡೂ ಗಾಲಿಗಳು ಚೌಕಟ್ಟಿಗೆ ಸಿಕ್ಕಿಕೊಂಡವು. ಗಂಡಸರಿಗೆ ಒಳಗೆ ಪ್ರವೇಶವಿರಲಿಲ್ಲ. ಟೆಸ್ಟ್ ಮೇಡಂ ಮತ್ತು ಆಯಾ ಸೇರಿ ಜಿಪ್ಪಕ್ಕನನ್ನು ಎತ್ತಿ, ಬೆನ್ನಿಲ್ಲದ ಸ್ಟೂಲಿನ ಮೇಲೆ ಕೂರಿಸಿದರು. ಯಂತ್ರದ ತಟ್ಟೆ ಅಷ್ಟು ಕೆಳಗೆ ಇಳಿಯಲಿಲ್ಲ.

"ಒಂದು ನಿಮಿಷ ಅಲುಗಾಡದೆ ನಿಲ್ಲೋಕಾಗಲ್ವಾ?" ಎಂದು ಯಂತ್ರ ನಡೆಸುವ ಹುಡುಗಿ ಕೇಳಿದಳು.

"ಇಷ್ಟು ವರ್ಷ ಆಗಿಲ್ಲಮ್ಮ. ಇವತ್ತೇನಾದ್ರೂ ಪವಾಡ ಆಗುತ್ತೇನೋ ನೋಡೋಣ," ಎಂದಳು ಜಿಪ್ಪಕ್ಕ.

ಯಂತ್ರದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೇತಾಡಿದಳು. ಹಿಂದಿನಿಂದ ಇಬ್ಬರೂ ಸೊಂಟ ಹಿಡಿದರು. ಚಿತ್ರ ಕಲಸಿಹೋಯಿತು. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಕೈ ಜಾರಿತು. ಟೆಸ್ಟ್ ಮೇಡಂ ತಬ್ಬಿ ಹಿಡಿಯದಿದ್ದರೆ ನೆಲಕ್ಕೇ ಬೀಳುತ್ತಿದ್ದಳು. ಅದೇ ಹೊತ್ತಿಗೆ ಸರದಿಯಲ್ಲಿದ್ದ ಯಾರೋ ಬಾಗಿಲು ನೂಕಿ ಇಣುಕಿದರು. ಮೈಮೇಲಿನ ಬಟ್ಟೆ ಜಾರಿದ್ದ ಜಿಪ್ಪಕ್ಕನನ್ನು ಸಾಲಿನಲ್ಲಿ ನಿಂತ ಹೆಂಗಸರೆಲ್ಲ ನೋಡಿದರು. ಅಲ್ಲಿಂದಾಚೆಗೆ ಅವಳು ತಮಾಷೆ ಮಾಡಲಿಲ್ಲ.

ಹೊರಗೆ ಬಂದ ಮೇಲೆ ಟೆಸ್ಟ್ ಮೇಡಂ ಅವಳ ಕೈ ಹಿಡಿದು ಹೇಳಿದಳು. "ದೊಡ್ಡಾಸ್ಪತ್ರೇಲಿ ಬೇರೆ ಥರದ ಮೆಷಿನ್ ಇದೆಯಂತೆ ಅಕ್ಕ. ನಾನೇ ಫೋನ್ ಮಾಡಿ ವಿಚಾರಿಸ್ತೀನಿ. ಒಂದು ವಾರ ಟೈಮ್ ಕೊಡಿ."

"ಖಂಡಿತ ಮಾಡ್ತೀರಾ?"

"ನನ್ನ ಮೇಲೆ ಬಿಡಿ."

ಸಂಜೆ ಐದಕ್ಕೆ ಅವಳು ಆ ದಿನದ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಲು ಕೂತಳು. ಪ್ರತಿ ಹೆಸರಿನ ಮುಂದೆ ಎರಡೇ ಆಯ್ಕೆಗಳಿದ್ದವು: 'ಪರೀಕ್ಷೆ ಆಯಿತು', 'ಒಪ್ಪಲಿಲ್ಲ'. ಎರಡರಲ್ಲಿ ಒಂದನ್ನು ಒತ್ತದೆ ಪರದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಹೊರಗೆ ಅವಳ ಬಸ್ಸು ಹೊರಡುವುದರಲ್ಲಿತ್ತು. ನಾಳೆ ಸರಿಮಾಡಿದರಾಯಿತು ಎಂದುಕೊಂಡು ಜಿಪ್ಪಕ್ಕನ ಹೆಸರಿನ ಮುಂದೆ 'ಒಪ್ಪಲಿಲ್ಲ' ಒತ್ತಿ, ಬ್ಯಾಗು ಹೆಗಲಿಗೇರಿಸಿ ಓಡಿದಳು.

ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ಹಾಳಾದದ್ದು ನಾಳೆ ಎಂದವಳ ಮನೆಯಲ್ಲ. ಒಮ್ಮೆ 'ಒಪ್ಪಲಿಲ್ಲ' ಎಂದು ದಾಖಲಾದವರ ಹೆಸರು ಮುಂದಿನ ವರ್ಷದವರೆಗೆ ಪಟ್ಟಿಗೆ ಬರುತ್ತಿರಲಿಲ್ಲ. ಮರುವಾರ ದೂರದ ಬಡಾವಣೆಯಲ್ಲಿ ಶಿಬಿರವಿತ್ತು, ಅದರಾಚೆಯ ವಾರ ತರಬೇತಿ. ತಿಂಗಳಾದ ಮೇಲೆ ಜಿಪ್ಪಕ್ಕನೇ ಫೋನ್ ಮಾಡಿದಳು. ಗದ್ದಲದ ನಡುವೆ ಟೆಸ್ಟ್ ಮೇಡಂ, "ಕೇಳಿದೀನಿ ಅಕ್ಕ, ಇನ್ನೂ ಹೇಳಿಲ್ಲ ಅವರು," ಎಂದಳು. ಕೇಳಿಯೇ ಇರಲಿಲ್ಲ. ಆ ಸುಳ್ಳು ಹೇಳಿದ ಮೇಲೆ ನಿಜವಾಗಿ ಫೋನ್ ಮಾಡುವುದು ಇನ್ನೂ ಕಷ್ಟವಾಯಿತು. ಬ್ಯಾಗಿನ ಅಂಗಡಿಗಳ ಸಾಲನ್ನು ಬಿಟ್ಟು ಹಿಂದಿನ ಓಣಿಯಿಂದ ಓಡಾಡತೊಡಗಿದಳು. ಮೊದಲು ಇದ್ದದ್ದು ಬರೀ ಮರೆವು. ಆಮೇಲೆ ಅದು ಮುಖ ತಪ್ಪಿಸುವುದಾಯಿತು. ಜಿಪ್ಪಕ್ಕ ಮತ್ತೆ ಫೋನ್ ಮಾಡಲಿಲ್ಲ.

ಎಂಟು ತಿಂಗಳು ಕಳೆದವು. ಒಂದು ಬೆಳಿಗ್ಗೆ ವರದಿಗಳ ಕಟ್ಟು ಹಿಡಿದು ಡಾಕ್ಟರಮ್ಮನ ಕೋಣೆಗೆ ಹೋದ ಟೆಸ್ಟ್ ಮೇಡಂ ಬಾಗಿಲಲ್ಲೇ ನಿಂತಳು. ಮೇಜಿನ ಈಚೆ ಗಾಲಿಕುರ್ಚಿಯಿತ್ತು, ಪಕ್ಕದಲ್ಲಿ ತಮ್ಮನಿದ್ದ. ಸ್ನಾನ ಮಾಡುವಾಗ ಜಿಪ್ಪಕ್ಕನಿಗೇ ಬಲ ಎದೆಯಲ್ಲಿ ಗಂಟು ಸಿಕ್ಕಿತ್ತು. ಸೂಜಿ ಚುಚ್ಚಿ ಮಾಡಿದ ಪರೀಕ್ಷೆಯ ವರದಿ ಬಂದಿತ್ತು. ಕ್ಯಾನ್ಸರ್ ಕಂಕುಳಿಗೂ ಹರಡಿತ್ತು.

ಡಾಕ್ಟರಮ್ಮ ಕಂಪ್ಯೂಟರ್ ನೋಡುತ್ತ ಬೇಸರದಿಂದ ಹೇಳಿದರು. "ಎಂಟು ತಿಂಗಳ ಹಿಂದೆ ಪರೀಕ್ಷೆಗೆ ಕರೆದಿದ್ರಲ್ಲಮ್ಮ. ನೀವೇ ಒಪ್ಪಲಿಲ್ಲ ಅಂತ ಇದೆ ಇಲ್ಲಿ. ಆಗಲೇ ಮಾಡಿಸಿದ್ರೆ ಬಹುಶಃ ಇಷ್ಟು ದೂರ ಬರ್ತಿರಲಿಲ್ಲ."

"ಅಯ್ಯೋ, ನಾವು ಬಂದಿದ್ವಲ್ಲ ಡಾಕ್ಟ್ರೇ!" ಎಂದ ತಮ್ಮ.

ಜಿಪ್ಪಕ್ಕ ಕುರ್ಚಿಯನ್ನು ಅರ್ಧ ತಿರುಗಿಸಿ, ಬಾಗಿಲಲ್ಲಿ ನಿಂತವಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಈಗ ಇವಳು ಹೇಳುತ್ತಾಳೆ ಎಂಬ ನಿರೀಕ್ಷೆ ಇತ್ತು.  ಕಲ್ಲನ್ನು ಮಾತಾಡಿಸುವವಳು ತಾನೇ ಕಲ್ಲಾಗಿ ನಿಂತಳು. 

"ಇರಲಿ ಬಿಡೋ," ಎಂದು ಜಿಪ್ಪಕ್ಕ ತಮ್ಮನಿಗೆ ಹೇಳಿ, ಡಾಕ್ಟರಮ್ಮನತ್ತ ತಿರುಗಿದಳು. "ಮುಂದೇನು ಮಾಡ್ಬೇಕು ಹೇಳಿ."

ಆ ಮಧ್ಯಾಹ್ನ ಟೆಸ್ಟ್ ಮೇಡಂ ಮೆಟ್ಟಿಲ ಕೆಳಗೆ ನಿಂತು ದೊಡ್ಡಾಸ್ಪತ್ರೆಗೆ ಫೋನ್ ಮಾಡಿದಳು. ಆ ಕಡೆ ಒಬ್ಬ ಹೆಂಗಸು ಎತ್ತಿಕೊಂಡಳು. "ಗಾಲಿಕುರ್ಚಿಯವರಾ? ಆಗುತ್ತೆ ಕಣಮ್ಮ, ನಮ್ಮ ಮೆಷಿನ್ ಕೆಳಗಿಳಿಯುತ್ತೆ. ತೋಳು ಬಿಚ್ಚೋ ಕುರ್ಚೀನೂ ನಮ್ಮಲ್ಲೇ ಇದೆ. ಸೋಮವಾರ ಹತ್ತಕ್ಕೆ ಕರ್ಕೊಂಡು ಬನ್ನಿ." ಎಲ್ಲ ಸೇರಿ ನಾಲ್ಕು ನಿಮಿಷ ಹಿಡಿದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳು ಮೆಟ್ಟಿಲ ಕೆಳಗೇ ಕೂತು ಅತ್ತಳು. ಯಾರಾದರೂ ನೋಡಿಯಾರೆಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಬಳಿ ಹೋಗಿ ಎಲ್ಲವನ್ನೂ ಹೇಳಿದಳು: ಕಿರಿದಾದ ಬಾಗಿಲು, ಸ್ಟೂಲು, 'ಒಪ್ಪಲಿಲ್ಲ', ಫೋನಿನ ಸುಳ್ಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಿನ್ನೆ ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು."

"ನಾನು ಆಕೆಗೆ ಎಂಥ ಮಾತು ಅಂದುಬಿಟ್ಟೆ," ಎಂದರು ಡಾಕ್ಟರಮ್ಮ.  ದಾಖಲೆಯನ್ನು ತಿದ್ದಿಸಿದರು, ಮೇಲಿನವರಿಗೆ ಪತ್ರ ಬರೆದರು. ಸಂಜೆ ತಾವೇ ಜಿಪ್ಪಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಟೆಸ್ಟ್ ಮೇಡಮ್ಮಿಗೆ ಎಚ್ಚರಿಕೆಯ ಪತ್ರ ಬಂತು, ಕೆಲಸ ಹೋಗಲಿಲ್ಲ. ಹೋಗಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನಿಸಿತು.

ಆಪರೇಷನ್ನಿಗೆ ಎರಡು ದಿನ ಮುಂಚೆ ಅವಳು ಗೂಡಂಗಡಿಗೆ ಹೋದಳು. ಜಿಪ್ಪಕ್ಕ ಒಪ್ಪಿಕೊಂಡ ಬ್ಯಾಗುಗಳನ್ನೆಲ್ಲ ಮುಗಿಸಿಕೊಡುವ ಅವಸರದಲ್ಲಿದ್ದಳು.

"ಅಕ್ಕ, ನನ್ನಿಂದ ದೊಡ್ಡ ತಪ್ಪಾಯ್ತು."

"ಮರೆತ್ರಿ. ನಾನೂ ಮರೀತೀನಿ. ಜನ ಕೊಟ್ಟ ಬ್ಯಾಗು ಮೂಲೇಲಿ ತಿಂಗಳುಗಟ್ಟಲೆ ಬಿದ್ದಿರುತ್ತೆ." ಜಿಪ್ಪಕ್ಕ ಇಕ್ಕಳ ಕೆಳಗಿಟ್ಟಳು. "ಆದ್ರೆ ಆವತ್ತು ಡಾಕ್ಟ್ರ ಮುಂದೆ ನಿಮ್ಮ ಮುಖ ನೋಡಿದೆನಲ್ಲ, ಮೇಡಂ. ಒಂದೇ ಒಂದು ಮಾತು ಹೇಳಿದ್ರೆ ಸಾಕಿತ್ತು. ನನ್ನ ತಮ್ಮನ ಕಣ್ಣಿಗೆ ನಾನು ಸುಳ್ಳಿ ಆಗ್ತಿರಲಿಲ್ಲ. ಬೇರೆ ಯಾವತ್ತೋ ನಾನು ಒಬ್ಬಳೇ ಹೋಗಿ ಬೇಡ ಅಂದು ಬಂದೆನೇನೋ ಅಂತ ಅವನು ಒಂದು ರಾತ್ರಿಯೆಲ್ಲ ಯೋಚನೆ ಮಾಡಿದ್ನಂತೆ."

ಜಿಪ್ಪಕ್ಕ ಮತ್ತೆ ಇಕ್ಕಳ ಎತ್ತಿಕೊಂಡಳು.

"ಹೋಗಿ ಬನ್ನಿ. ಕೆಲಸ ಇದೆ ನಂಗೆ."

ಜಿಪ್ಪಕ್ಕ ಬದುಕಿದಳು. ಆದರೆ ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕಾಯಿತು. ಅದಾದ ಮೇಲೆ ಬಲಗೈ ಬಾತುಕೊಂಡಿತು. ಗಾಲಿ ತಳ್ಳಿದರೂ ನೋವು, ಇಕ್ಕಳ ಹಿಡಿದರೂ ನೋವು. ಅವಳಿಗೆ ಕಾಲೂ ಆ ಕೈಯೇ, ಕಸುಬೂ ಆ ಕೈಯೇ. ಈಗ ಅರ್ಧ ದಿನ ಮಾತ್ರ ಅಂಗಡಿ ತೆರೆಯುತ್ತಾಳೆ. ಬಿಗಿಯಾದ ಕೆಲಸಗಳನ್ನು ತಮ್ಮನ ಗೂಡಿಗೆ ಕಳಿಸುತ್ತಾಳೆ.

ಆಸ್ಪತ್ರೆಯ ಪಟ್ಟಿಯಲ್ಲಿ ಈಗ 'ನಮ್ಮಿಂದ ಆಗಲಿಲ್ಲ' ಎಂಬ ಮೂರನೆಯ ಆಯ್ಕೆ ಬಂದಿದೆ. ಅದನ್ನು ಒತ್ತಿದರೆ ಆ ಹೆಸರು ಪ್ರತಿ ಸೋಮವಾರ ಕೆಂಪಕ್ಷರದಲ್ಲಿ ಕಾಣುತ್ತದೆ. ಟೆಸ್ಟ್ ಮೇಡಂ ನಡೆಯಲಾಗದವರು, ಬೆನ್ನು ಬಾಗಿದವರು, ಕಣ್ಣು ಕಾಣದವರು ಎಲ್ಲೆಲ್ಲಿದ್ದಾರೆಂದು ಹುಡುಕಿ, ದೊಡ್ಡಾಸ್ಪತ್ರೆಗೆ ಇದುವರೆಗೆ ಹನ್ನೊಂದು ಜನರನ್ನು ಕರೆದೊಯ್ದಿದ್ದಾಳೆ. ಹೊಗಳಿದರೆ ಮಾತು ತಿರುಗಿಸುತ್ತಾಳೆ.

ಮೊನ್ನೆ ಜಿಪ್ಪಕ್ಕ ಮರುಪರೀಕ್ಷೆಗೆ ಬಂದಿದ್ದಳು. ತಮ್ಮ ಔಷಧಿ ತರಲು ಹೋಗಿದ್ದ. ಉದ್ದನೆಯ ಓಣಿಯಂಥ ಹಜಾರದಲ್ಲಿ ಅವಳೊಬ್ಬಳೇ ಇದ್ದಳು. ಟೆಸ್ಟ್ ಮೇಡಂ ಹತ್ತಿರ ಹೋಗಿ, "ನಾನು ತಳ್ಳಲಾ ಅಕ್ಕ?" ಎಂದಳು.

"ಬೇಡ. ತಮ್ಮ ಬರ್ತಾನೆ."

ಔಷಧಿಯ ಸಾಲು ಉದ್ದವಿತ್ತು. ತಮ್ಮ ಬರುವಷ್ಟರಲ್ಲಿ ಹದಿನೈದು ನಿಮಿಷವಾಯಿತು. ಅಷ್ಟು ಹೊತ್ತೂ ಜಿಪ್ಪಕ್ಕ ಬಾತ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾದಳು. ಟೆಸ್ಟ್ ಮೇಡಂ ಹೋಗಲೂ ಆಗದೆ, ಕೂರಲೂ ಆಗದೆ, ಗೋಡೆಗೊರಗಿ ಪಕ್ಕದಲ್ಲೇ ನಿಂತಿದ್ದಳು.